ನೀರಿಗಿಂತ ಮೊದಲು ಬಂದದ್ದು

"ಗುರುಗಳೇ, ಮನುಷ್ಯನಿಗೆ ಇಷ್ಟೊಂದು ವೇಗ ಯಾಕೆ ಬೇಕು?" ಎಂದು ನಿರಂಜನನೆಂಬ ಶಿಷ್ಯ ಕೇಳಿದ.

ಅವನು ಪೇಟೆಗೆ ಹೋಗಿ ಬಂದಿದ್ದ. ಅಲ್ಲಿ ಎಲ್ಲರ ಬಾಯಲ್ಲೂ ಇಂಟರ್‌ನೆಟ್ಟಿನ ಹೊಸ ತಂತ್ರದ ಮಾತೇ ಇತ್ತು. ಕೂದಲಿನಷ್ಟು ಸಣ್ಣ ಗಾಜಿನ ಎಳೆ, ಅದರೊಳಗೆ ಬೆಳಕು ಓಡುತ್ತದೆ, ಒಂದು ದೊಡ್ಡ ಗ್ರಂಥಾಲಯದ ಪುಸ್ತಕಗಳೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಊರಿಂದೂರಿಗೆ ಹೋಗಿ ಮುಟ್ಟುತ್ತವೆ ಎನ್ನುತ್ತಿದ್ದರು.

"ಅಷ್ಟನ್ನು ಓದುವುದಕ್ಕೆ ಒಂದು ಜನ್ಮ ಸಾಲದು. ತರಿಸಿಕೊಳ್ಳುವುದಕ್ಕೆ ಮಾತ್ರ ಈ ಅವಸರ. ಇದು ಬರೀ ಆಸೆಯಲ್ಲವೇ?" ಎಂದ.

ಗುರು ಕುಳಿತುಕೋ ಎಂದು ಸನ್ನೆ ಮಾಡಿ ಒಂದು ಕತೆ ಹೇಳಿದರು.

ಬೆಟ್ಟದ ಮೇಲೆ ಒಂದು ಊರು, ಬುಡದ ಬಯಲಿನಲ್ಲಿ ಇನ್ನೊಂದು ಊರು. ಮೇಲೂರಿಗೆ ಒಂದು ದೊಡ್ಡ ಕೆರೆ ಇತ್ತು. ಅದರ ನೀರು ಹಳ್ಳವಾಗಿ ಇಳಿದು ಕೆಳಗಿನೂರಿನ ಪಕ್ಕದಲ್ಲೇ ಹಾಯುತ್ತಿತ್ತು. ಕೆರೆಯನ್ನು ಕಾಯಲು, ತೂಬು ಎತ್ತಿ ಇಳಿಸಲು ಬೋರಣ್ಣನೆಂಬ ನೀರುಗಂಟಿ ಇದ್ದ. ಕೆಳಗಿನೂರಿನಲ್ಲಿ ಮಡಕೆ ಮಾಡಿ ಬದುಕುವ ಈರಕ್ಕನೆಂಬ ಹೆಂಗಸು ಇದ್ದಳು.

ಹಿಂದೊಮ್ಮೆ ಆ ಕೆರೆಯ ಏರಿ ಒಡೆದಿತ್ತು. ಸುದ್ದಿ ಮುಟ್ಟಿಸಲು ಮೇಲೂರಿನಿಂದ ಒಬ್ಬ ಓಡಿ ಬಂದ. ಅವನು ಊರು ಸೇರುವಾಗ ನೀರೂ ಸೇರಿತು. ಆಗ ಈರಕ್ಕನ ಗಂಡ ಹಳ್ಳದ ದಂಡೆಯಲ್ಲಿ ಮಣ್ಣು ತುಳಿಯುತ್ತಿದ್ದ. ಅವನೂ ಹೋದ, ಕೂಗುತ್ತ ಬಂದವನೂ ಹೋದ.

ಏರಿಯನ್ನು ಮತ್ತೆ ಕಟ್ಟಿದರು. ಕಾಲ ಕಳೆದು ಫೋನು ಬಂತು. ಒಂದು ವರ್ಷ ಮಳೆಗಾಲದ ಕೊನೆಯಲ್ಲಿ "ಏರಿ ಬಿರಿದಿದೆ, ಊರು ಬಿಡಿ" ಎಂದು ಮೇಲೂರಿನಿಂದ ಮಾತು ಬಂತು. ಕೆಳಗಿನವರು ಎಲ್ಲ ಬಿಟ್ಟು ಗುಡ್ಡ ಹತ್ತಿದರು. ಏರಿ ಒಡೆಯಲಿಲ್ಲ. ಕಣದಲ್ಲಿ ಬಿಟ್ಟು ಹೋದ ರಾಶಿ ಮಳೆಯಲ್ಲಿ ನೆನೆದು ಮೊಳಕೆಯೊಡೆಯಿತು. ನೀರಿನ ಪಾಲಿಗಾಗಿ ಎರಡೂರಿಗೂ ಮೊದಲೇ ಜಗಳವಿತ್ತು. "ಬೇಕೆಂದೇ ನಮ್ಮನ್ನು ಹೆದರಿಸಿ ಓಡಿಸಿದರು" ಎಂದು ಕೆಳಗಿನವರು ಆಡಿಕೊಂಡರು. ಅಲ್ಲಿಂದಾಚೆ ಮೇಲೂರಿನ ಮಾತಿಗೆ ಕೆಳಗಿನೂರಿನಲ್ಲಿ ಬೆಲೆ ಉಳಿಯಲಿಲ್ಲ.

ಹೀಗಿರುವಾಗ ಗಾಜಿನ ಎಳೆ ಹಾಸುವವರು ಬಂದರು. ನೀನು ಪೇಟೆಯಲ್ಲಿ ಕೇಳಿದೆಯಲ್ಲ, ಅದೇ. ಕಾಡು, ಬಂಡೆ, ಮಳೆ ಎಲ್ಲವನ್ನೂ ಅದು ತಾಳೀತೇ ಎಂದು ಪರೀಕ್ಷಿಸಲು ಬೆಟ್ಟದಿಂದ ಬಯಲಿನವರೆಗೆ ಹಾಸಿದರು. ಕೆರೆ ಏರಿಯ ಮೇಲೆ ಒಂದು ಕ್ಯಾಮೆರಾ ನಿಲ್ಲಿಸಿದರು. ಕೆಳಗಿನೂರಿನ ಚಾವಡಿಯಲ್ಲಿ ಗೋಡೆಯಷ್ಟೇ ದೊಡ್ಡ ಪರದೆ ಹಾಕಿದರು.

ಮೊದಲ ದಿನ ಊರಿಗೆ ಊರೇ ಚಾವಡಿಗೆ ಬಂತು. ಪರದೆಯಲ್ಲಿ ಕೆರೆ ಇತ್ತು. ಅದನ್ನು ಚಿತ್ರವೆನ್ನಲು ಯಾರಿಗೂ ಬಾಯಿ ಬರಲಿಲ್ಲ. ಅಲ್ಲಿ ಕೊಕ್ಕರೆ ರೆಕ್ಕೆ ಬಿಚ್ಚಿದರೆ ಇಲ್ಲಿ ಬಿಚ್ಚುತ್ತಿತ್ತು, ಅದರ ಗರಿಯಿಂದ ಉದುರಿದ ಹನಿಯೂ ಕಾಣುತ್ತಿತ್ತು. ಅಲ್ಲಿ ಗಾಳಿ ಬೀಸಿದರೆ ಅದರ ಸದ್ದು ಇಲ್ಲಿ ಕಿವಿಗೆ ಬೀಳುತ್ತಿತ್ತು.

"ಇದು ಯಾವಾಗಿನ ಕೆರೆಯಮ್ಮ?" ಎಂದು ಒಬ್ಬ ಮುದುಕ ಕೇಳಿದ.

"ಈಗಿನದೇ ಅಜ್ಜಾ. ಈ ಗಳಿಗೆಯದು" ಎಂದಳು ಪರದೆ ಕಟ್ಟಿದ ಇಂಜಿನಿಯರು.

ಮುದುಕ ಕೈಮುಗಿದ. ಈರಕ್ಕ ಮುಂದೆ ಹೋಗಿ ಆ ನೀರಿನ ಮೇಲೆ ಕೈಯಿಟ್ಟಳು. ಆಮೇಲೆ ಒದ್ದೆಯಾಗಿದೆಯೇನೋ ಎಂದು ಅಂಗೈ ತಿರುಗಿಸಿ ನೋಡಿಕೊಂಡಳು.

ದಿನ ಕಳೆದಂತೆ ಜನ ತಮ್ಮ ತಮ್ಮ ಕೆಲಸಕ್ಕೆ ಮರಳಿದರು. ಈರಕ್ಕ ಮಾತ್ರ ಚಾವಡಿಯ ನೆರಳಿನಲ್ಲಿ ಮಡಕೆ ತಟ್ಟುತ್ತ ಪರದೆಯ ಎದುರಿಗೇ ಕೂರುತ್ತಿದ್ದಳು. ಗಂಡನನ್ನು ಒಯ್ದ ಕೆರೆಯ ಮೇಲೆ ಅವಳಿಗೊಂದು ಕಣ್ಣಿತ್ತು.

ಒಂದು ದಿನ ಬಯಲಿನಲ್ಲಿ ಬಿಸಿಲು, ಬೆಟ್ಟದಲ್ಲಿ ಮಳೆ. ಏರಿಯ ಬುಡ ಜಿನುಗುವುದನ್ನು ಬೋರಣ್ಣ ಕಂಡ. ಜಿನುಗುವ ನೀರು ಕೆಂಪಾಗಿತ್ತು. ಒಳಗಿನ ಮಣ್ಣು ಕರಗುತ್ತಿದೆ ಎಂದು ಅವನಿಗೆ ತಿಳಿಯಿತು. ಮೇಲೂರಿನ ಮನೆಗಳೆಲ್ಲ ದಿಬ್ಬದ ಮೇಲಿದ್ದವು. ಬೋರಣ್ಣನದೊಂದೇ ಏರಿಯ ಕೆಳಗಿತ್ತು. ಹೆಂಡತಿ ಮಕ್ಕಳನ್ನು ದಿಬ್ಬಕ್ಕೆ ಅಟ್ಟಿ, ಎತ್ತುಗಳನ್ನು ಬಿಚ್ಚಲು ಕೊಟ್ಟಿಗೆಗೆ ಬಂದ. ಹಗ್ಗ ನೆನೆದು ಗಂಟು ಬಿಗಿದಿತ್ತು. ಅದಕ್ಕೆ ಕೈ ಹಾಕಿದಾಗ ಕೆಳಗಿನೂರಿನ ಜನ ನೆನಪಾದರು. ಹಾಕಿದ ಕೈಯನ್ನು ಹಿಂದಕ್ಕೆ ತೆಗೆದು ಏರಿಯ ಕಡೆ ಓಡಿದ.

ಕ್ಯಾಮೆರಾ ನೀರಿನ ಕಡೆ ಮುಖ ಮಾಡಿತ್ತು. ಅವನು ಅದನ್ನು ಹಿಡಿದು ಏರಿಯ ಬುಡಕ್ಕೆ ತಿರುಗಿಸಿದ.

ಚಾವಡಿಯಲ್ಲಿದ್ದ ಈರಕ್ಕನಿಗೆ ಕೆರೆಯೇ ಹೊರಳಿದಂತಾಯಿತು. ಕೂಡಲೇ ಒಂದು ಧ್ವನಿ ಬಂತು.

"ಕೆಳಗಿನೂರವರೇ, ಯಾರಿದ್ದೀರಿ? ನಾನು ನೀರುಗಂಟಿ. ನನ್ನ ಮಾತು ನಂಬಬೇಡಿ. ನೋಡಿ!"

ಅವಳು ನೋಡಿದಳು. ಕಲ್ಲುಗಳ ಸಂದಿಯಿಂದ ಕೆಂಪು ನೀರು ಚಿಮ್ಮುತ್ತಿತ್ತು. ಒಂದು ಕಲ್ಲು ಕಳಚಿ ಉರುಳಿತು.

"ಕಂಡೆ ಅಣ್ಣಾ, ಕಂಡೆ! ನೀನು ಅಲ್ಲಿಂದ ಓಡು!" ಎಂದು ಕೂಗಿದಳು. ಅವಳ ಕೂಗು ಮೇಲಕ್ಕೆ ಕೇಳಿಸುವಂತಿರಲಿಲ್ಲ.

ಅವಳು ಕೇರಿ ಕೇರಿ ಕೂಗುತ್ತ ಓಡಿದಳು. ಹಳೆಯದನ್ನು ನೆನೆದು ಕೆಲವರು ಕದಲಲಿಲ್ಲ. ಅವರನ್ನು ರಟ್ಟೆ ಹಿಡಿದು ಎಳೆತಂದು ಪರದೆಯ ಮುಂದೆ ನಿಲ್ಲಿಸಿದಳು. ನೋಡಿದವರು ಮನೆಗಳತ್ತ ಓಡಿದರು. ಮುದುಕರನ್ನು ಹೊತ್ತುಕೊಂಡರು, ಕೂಸುಗಳನ್ನು ಎತ್ತಿಕೊಂಡರು, ದನಗಳನ್ನು ಬಿಚ್ಚಿ ಹೊಡೆದುಕೊಂಡರು. ಊರು ಗುಡ್ಡ ಹತ್ತಿತು.

ಗುಡ್ಡದ ಮೇಲೆ ನಿಂತು ಕೆಳಗೆ ನೋಡಿದರು. ಬಿಸಿಲು ಹಾಗೇ ಇತ್ತು. ಹಳ್ಳದ ದಂಡೆಯ ಮರಳು ಒಣಗಿತ್ತು. ಯಾರೋ ಒಣಹಾಕಿದ್ದ ಸೀರೆ ಮನೆಯ ಮುಂದೆ ಗಾಳಿಗೆ ಆಡುತ್ತಿತ್ತು. ಬರಲಿರುವುದನ್ನು ಅವರು ಆಗಲೇ ಕಣ್ಣಾರೆ ಕಂಡಿದ್ದರು, ಅದು ಮಾತ್ರ ಇನ್ನೂ ಬಂದಿರಲಿಲ್ಲ. ಅಂಥ ಹೊತ್ತೊಂದು ಆ ಊರಿನಲ್ಲಿ ಹಿಂದೆ ಯಾರ ಪಾಲಿಗೂ ಬಂದಿರಲಿಲ್ಲ. ದನಗಳು ಸುಮ್ಮನೆ ನಿಂತಿದ್ದವು.

ಮೊದಲು ಹಳ್ಳದ ಮರಗಳಿಂದ ಹಕ್ಕಿಗಳು ಎದ್ದವು. ಆಮೇಲೆ ನೆಲ ಗುಡುಗಿತು. ಆಮೇಲೆ ನೀರು ಬಂತು, ಬೇರುಸಹಿತ ಮರಗಳನ್ನು ಹೊತ್ತು, ಮನೆಗಿಂತ ಎತ್ತರವಾಗಿ. ಮನೆಗಳು ಹೋದವು, ಮಡಕೆ ಸುಡುವ ಆವಿಗೆ ಹೋಯಿತು, ಚಾವಡಿ ಹೋಯಿತು. ಮನುಷ್ಯರಲ್ಲಿ ಒಬ್ಬರೂ ಹೋಗಲಿಲ್ಲ.

ಈರಕ್ಕ ನೀರನ್ನೇ ನೋಡುತ್ತ ನಿಂತಿದ್ದಳು. "ಅವತ್ತು ಅವರಿಗೂ ಇಷ್ಟು ಹೊತ್ತು ಸಿಕ್ಕಿದ್ದರೆ!" ಎಂದಳು. ಕುಸಿದು ಕುಳಿತು ಅತ್ತಳು.

ನೀರು ಇಳಿದ ಮೇಲೆ ಕೆಳಗಿನೂರಿನವರು ಬೆಟ್ಟ ಹತ್ತಿ ಬೋರಣ್ಣನನ್ನು ಹುಡುಕಿದರು. ಏರಿ ಮುರಿಯುವಾಗ ಅವನು ಅದರ ತುದಿಯ ಕಡೆ ಓಡಿ ಬದುಕಿದ್ದ. ಮನೆಯಿದ್ದ ಜಾಗದಲ್ಲಿ ಕೆಸರಿತ್ತು. ಎತ್ತುಗಳ ಹೆಸರು ಹಿಡಿದು ಕರೆಯುತ್ತ ಅದರ ಪಕ್ಕದಲ್ಲಿ ಕುಳಿತಿದ್ದ. ಬಂದವರ ಮನೆಗಳೂ ಉಳಿದಿರಲಿಲ್ಲ. ಈರಕ್ಕ ಅವನ ಹತ್ತಿರ ಕುಳಿತಳು. ಉಳಿದವರೂ ಬಂದು ಸುತ್ತ ಕುಳಿತರು.

ಗುರು ಇಲ್ಲಿಗೆ ಕತೆ ನಿಲ್ಲಿಸಿದರು.

ನಿರಂಜನನ ಕಣ್ಣು ಅರಳಿತ್ತು. "ನಾನು ತಪ್ಪು ತಿಳಿದಿದ್ದೆ ಗುರುಗಳೇ. ನೀರು ಬೆಟ್ಟದಲ್ಲಿರುವಾಗಲೇ ಸುದ್ದಿ ಬಯಲಿಗೆ ಬಂತಲ್ಲ! ಬೆಳಕಿಗಿಂತ ಬೇಗ ಮುಟ್ಟುವುದು ಮತ್ತೊಂದಿಲ್ಲ" ಎಂದ.

ಗುರು ಹೇಳಿದರು: "ಹಗ್ಗಕ್ಕೆ ಹಾಕಿದ ಕೈಯನ್ನು ಬೋರಣ್ಣ ಹಿಂದಕ್ಕೆ ತೆಗೆದನಲ್ಲ, ಸುದ್ದಿ ಆಗಲೇ ಮುಟ್ಟಿತ್ತು ಮಗು."