ಬರ್ತೀವಿ ಎನ್ನಲು ಬಾರದ ಬಳಗ

ಎಲ್ಲರೊಳಗೂ ತುಂಬಿದ್ದು ಯಾರನ್ನೂ ನುಂಗದ ಸ್ವಾಮಿಗೆ ಮೊದಲು ಶರಣು. ನನ್ನ ನಾಲಗೆ ತಪ್ಪಿದರೆ ತಿದ್ದು ತಂದೆ. ಕೇಳುವವರ ಎದೆ ನಡುಗಿದರೆ ಕೈ ಹಿಡಿದುಕೋ.

ಹೊನ್ನಗುಡ್ಡವೆಂಬ ಕೋಟೆಯೂರಿನಲ್ಲಿ ಒಂದು ಬೆಳಗ್ಗೆ ಡಂಗುರ ಸಾರಿದರು.

"ಕೇಳಿರಪ್ಪೋ ಕೇಳಿ! ಕೆರೆಯಂಗಳದಲ್ಲಿ ಬಂದು ನಿಂತಿರುವ ಬಳಗ ಮೂರು ಒಗಟು ಇಟ್ಟಿದೆ. ಮೂರನ್ನೂ ಒಡೆದರೆ ನಮ್ಮೂರು ಬಿಟ್ಟು ಹೋಗುತ್ತದಂತೆ. ತಪ್ಪು ಹೇಳಿದವರನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದಂತೆ. ಒಡೆದವರಿಗೆ ದೊರೆ ಮಾರಭೂಪರು ಕೇಳಿದ್ದು ಕೊಡುತ್ತಾರೆ. ಯಾರೂ ಮುಂದೆ ಬಾರದಿದ್ದರೆ ನಾಳೆ..."

ಡಂಗುರದವನು ಅಲ್ಲಿಗೆ ನಿಲ್ಲಿಸಿದ. ನಾಳೆಯ ಮಾತು ಎಲ್ಲರಿಗೂ ಗೊತ್ತಿತ್ತು.

ಬಳಗ ಎಂಬುದು ಅದು ತನಗೆ ತಾನೇ ಇಟ್ಟುಕೊಂಡ ಹೆಸರು. ಚುಕ್ಕಿಗಳ ಆಚೆಯ ಕತ್ತಲಿನಿಂದ ಬಂದದ್ದು. ಬಂದಾಗ ಅದಕ್ಕೆ ಮೈಯೇ ಇರಲಿಲ್ಲ, ಬಿಸಿಲ್ಗುದುರೆಯ ಹಾಗೆ ನೆಲದ ಮೇಲೆ ನಡುಗುತ್ತಿತ್ತು. ಮುಟ್ಟಿದ ಊರಿನವರೆಲ್ಲ ಅದರ ಮೈಯಾದರು. ಹೊಡೆಯಲು ಹೋದ ದಂಡು ಸಂಜೆಯೊಳಗೆ ಅದರದೇ ದಂಡಾಯಿತು. ಈಗ ಕೆರೆಯಂಗಳದ ತುಂಬ ಜನ. ಒಬ್ಬ ಮುದುಕ ಕೆಮ್ಮಿದರೆ ಎಲ್ಲರ ಎದೆಯೂ ಕೆಮ್ಮುತ್ತಿತ್ತು. ಒಂದು ಮಗುವಿನ ಕಾಲಿಗೆ ಮುಳ್ಳು ಚುಚ್ಚಿದರೆ ಅಷ್ಟೂ ಜನ ಎಡಗಾಲು ಎತ್ತಿ ನಿಲ್ಲುತ್ತಿದ್ದರು. ಯಾರ ಮುಖದಲ್ಲೂ ನೋವಿರಲಿಲ್ಲ. ಅದನ್ನೇ ನೋಡಲಾಗುತ್ತಿರಲಿಲ್ಲ.

ಮುಂದಿನ ಸಾಲಿನಲ್ಲಿ ಸಿರಿಯವ್ವ ಇದ್ದಳು, ಕೋಟೆಬಾಗಿಲು ಗುಡಿಸುವ ಜಕ್ಕಣ್ಣನ ಒಬ್ಬಳೇ ತಂಗಿ. ರೊಟ್ಟಿ ಸೀದುಹೋದ ಮಾತಿಗೆ ಅಣ್ಣನೊಡನೆ ಜಗಳವಾಡಿ ಚಿಕ್ಕಮ್ಮನ ಊರಿಗೆ ಹೊರಟವಳು "ಬರ್ತೀನಿ" ಎನ್ನಲಿಲ್ಲ. ಹೊಸ್ತಿಲ ಮೇಲೆ ನಿಂತು "ಹೋಗ್ತೀನಿ" ಅಂದಳು. ಹೆಣ ಎತ್ತುವ ಮನೆಯಲ್ಲೂ ಜನ ಆಡಲು ಹೆದರುವ ಮಾತು ಅದು. ಜಕ್ಕಣ್ಣನೂ "ಹೋಗಿ ಬಾ" ಎನ್ನದೆ ಮುಖ ತಿರುಗಿಸಿದ್ದ. ಮರುದಿನವೇ ಚಿಕ್ಕಮ್ಮನ ಊರು ಬಳಗದ ಪಾಲಾಯಿತು.

ಮಟಮಟ ಮಧ್ಯಾಹ್ನ. ಮೊದಲು ದಳವಾಯಿ ರಣಗೌಡ ಮೀಸೆ ತಿರುವಿ ಕೆರೆಗಿಳಿದ. ಬಳಗ ಎಲ್ಲ ಬಾಯಿಗಳಿಂದ ಮೆಲ್ಲಗೆ ಕೇಳಿತು: "ನಾವು ಕಾಲಿಡುವ ಮೊದಲೇ ನಿಮ್ಮೂರಿಗೆ ಬಂದು, ನಮಗಾಗಿ ಬಾಗಿಲು ತೆಗೆದಿಡುವವನು ಯಾರು?"

"ಇದೂ ಒಂದು ಒಗಟೇ? ಬೇಹುಗಾರ!"

"ಅಲ್ಲ. ಬಾ."

ಸಾಲು ತೆರೆದು ಮುಚ್ಚಿಕೊಂಡಿತು. ಮುದುಕ ಕೆಮ್ಮಿದಾಗ ದಳವಾಯಿಯೂ ಕೆಮ್ಮಿದ.

"ಗೌಡರ ಕತ್ತಿ ಹರಿತ, ತಲೆ ಮೊಂಡು," ಎಂದು ನಗುತ್ತ ನೆರೆನಾಡಿನ ಯುವರಾಜ ಇಂದುಶೇಖರ ಇಳಿದ. ಅದೇ ಒಗಟು. ಅವನು "ದ್ರೋಹಿ" ಎಂದ. ತಪ್ಪೆಂದು ತಿಳಿದದ್ದೇ ಓಡಿದ. ದಡ ಮುಟ್ಟುವಷ್ಟರಲ್ಲಿ ಅವನ ಕಾಲುಗಳೇ ಹಿಂದಕ್ಕೆ ತಿರುಗಿ ಅವನನ್ನು ಕರೆದೊಯ್ದವು.

ಆಮೇಲೆ ಯಾರೂ ಕೆರೆಗಿಳಿಯಲಿಲ್ಲ. ಜಕ್ಕಣ್ಣ ಪೊರಕೆಯನ್ನು ಗೋಡೆಗೆ ಒರಗಿಸಿದ.

"ಏನೋ ಜಕ್ಕಾ," ಎಂದ ಬಾಗಿಲು ಕಾಯುವ ಮುದ್ದಪ್ಪ, "ಅದನ್ನೂ ಗುಡಿಸಿ ಹಾಕ್ತೀಯೇನು?"

"ಪೊರಕೆ ಇಲ್ಲೇ ಇರಲಿ ಮಾವ. ಬಂದು ಗುಡಿಸ್ತೀನಿ."

ಅವನು ಸ್ವಾಮಿಯನ್ನು ನೆನೆದು ತಂಗಿಯ ಎದುರಿಗೇ ಹೋಗಿ ನಿಂತ. ಅವಳ ಕಣ್ಣು ಅವನನ್ನು ದಾಟಿ ಊರನ್ನು ನೋಡುತ್ತಿತ್ತು. ಮೊದಲ ಒಗಟು ಮತ್ತೆ ಬಂತು.

"ಅದು ನನ್ನ ಜತೆಗೇ ಕೆರೆಗಿಳಿದಿದೆ," ಎಂದ ಜಕ್ಕಣ್ಣ. "ಭಯ. ನಿಮ್ಮ ಸುದ್ದಿ ಬಂದ ದಿನವೇ ಬಾಗಿಲು ಕಾಯೋರು ಅರ್ಧ ಜನ ಓಡಿಹೋದ್ರು. ಬಾಗಿಲು ತೆರೆದೇ ಬಿದ್ದಿತ್ತು."

"ಹೌದು. ಗೆದ್ದಷ್ಟೂ ನಮಗೆ ಉದ್ದವಾಗುವುದು, ಎಷ್ಟು ನುಂಗಿದರೂ ನುಂಗಿ ಮುಗಿಯದ್ದು ಯಾವುದು?"

ಜಕ್ಕಣ್ಣ ಕೆರೆಯಂಗಳದ ಕೊನೆಯತನಕ ನಿಂತ ಜನರನ್ನು ನೋಡಿದ. "ಅಂಚು," ಎಂದ. "ಒಂದೂರು ಗೆದ್ದರೆ ಅದರಾಚೆ ನಾಕೂರು ಕಾಣ್ತವೆ. ಅವರು ನಾಳೆ ಮೇಲೆ ಬಿದ್ದಾರು ಅಂತ ಅವನ್ನೂ ನುಂಗ್ತೀರಿ. ಆಗ ಅಂಚು ಇನ್ನೂ ಉದ್ದ. ನಮ್ಮ ಬಾಗಿಲು ತೆಗೆದವನೇ ನಿಮ್ಮನ್ನೂ ಓಡಿಸ್ತಿದ್ದಾನೆ."

ಅಷ್ಟೂ ಕಣ್ಣುಗಳು ರೆಪ್ಪೆ ಬಡಿಯುವುದನ್ನು ಮರೆತವು. ಮೂರನೆಯದನ್ನು ಸಿರಿಯವ್ವನ ಬಾಯಿ ಒಂದೇ ಕೇಳಿತು.

"ನಾವು ಸೇರಿಸಿಕೊಂಡ ಪ್ರತಿಯೊಬ್ಬರಲ್ಲೂ ಒಂದು ಮಾತು ಸಿಕ್ಕಿತು. ಬೆನ್ನು ತಿರುಗಿಸಿ ಹೋಗುವವನು 'ಬರ್ತೀನಿ' ಅನ್ನುತ್ತಾನೆ. ಅದು ಸುಳ್ಳಲ್ಲ, ಹುಚ್ಚೂ ಅಲ್ಲ. ನಾವು ಆಡಹೋದರೆ ಬಾಯಿ ಕಟ್ಟುತ್ತದೆ. ಅವನಿಗಿದ್ದು ನಮಗಿಲ್ಲದ್ದು ಏನು?"

ಜಕ್ಕಣ್ಣ ಕೋಟೆಬಾಗಿಲಿನ ಕಡೆ ಕೈ ತೋರಿಸಿದ. "ಕಾಯುವವರು. ಎಲ್ಲರನ್ನೂ ಒಳಗೆ ಹಾಕಿಕೊಂಡರೆ ಬಾಗಿಲಲ್ಲಿ ನಿಂತು ದಾರಿ ನೋಡೋರು ಯಾರು ಉಳೀತಾರೆ? ನಿಮಗೆ ಆ ಮಾತು ಬೇಕಾದರೆ ಇವರನ್ನ ಹೊರಗೆ ಬಿಡಿ. ಹೊರಗಿದ್ದವರು ಮಾತ್ರ ಕಾಯಬಲ್ಲರು."

ಗಾಳಿ ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರೇ ಕೆಮ್ಮಿದರು. ಮುಳ್ಳು ಚುಚ್ಚಿಸಿಕೊಂಡ ಮಗು ಒಂದೇ ಅತ್ತಿತು. ಕೋಟೆಯಿಂದ ಜನ ಹೆಸರು ಕೂಗುತ್ತ ಓಡಿಬಂದರು. ಹೆಸರು ಕೂಗುವವರಿಲ್ಲದವರನ್ನೂ ಯಾರೋ ಒಬ್ಬರು ಕೈ ಹಿಡಿದು ಕರೆದೊಯ್ದರು.

ಉಳಿದವಳು ಸಿರಿಯವ್ವ ಒಬ್ಬಳು. ಅವಳ ಸುತ್ತ ಬಿಸಿಲು ನಡುಗುತ್ತಿತ್ತು. ಬಳಗ ಅವಳ ತುಟಿಯಲ್ಲಿ ತಡವರಿಸಿತು: "ಹೋಗಿ... ಬರ್ತೀವಿ."

"ಉತ್ತರ ಕೊಡಬೇಡ!" ಎಂದು ದೊರೆ ದಡದಿಂದ ಕೂಗಿದ. "ಕೊಟ್ಟರೆ ಕರೆದ ಹಾಗೆ!"

ಜಕ್ಕಣ್ಣ ತಂಗಿಯ ಮುಖ ನೋಡಿದ. ಒಮ್ಮೆ ನುಂಗಿಕೊಂಡ ಮಾತು ಅದು. ಎರಡನೆಯ ಸಲ ನುಂಗಲಾಗಲಿಲ್ಲ.

"ಹೋಗಿ ಬನ್ನಿ," ಎಂದ.

ಬಿಸಿಲ ನಡುಕ ಮೇಲಕ್ಕೆದ್ದು ಆಕಾಶದಲ್ಲಿ ಕರಗಿತು. ಸಿರಿಯವ್ವ ಕುಸಿದು ಕೂತು, "ಅಣ್ಣಾ, ನೀ ಉಂಡೆಯಾ?" ಎಂದಳು.

ಏನು ಬೇಕು ಕೇಳೆಂದ ದೊರೆಗೆ ಜಕ್ಕಣ್ಣ, ಕೋಟೆಬಾಗಿಲ ಪಕ್ಕ ಒಂದು ಜಗಲಿ, ದಿನವೂ ಒಂದು ದೀಪಕ್ಕೆ ಎಣ್ಣೆ, ಇಷ್ಟೇ ಕೇಳಿದ. ಆ ದೀಪ ಯಾರ ದಾರಿಗೆಂದು ತಿಳಿದು ದೊರೆ ಮುಖ ಗಂಟಿಕ್ಕಿದ, ಆದರೆ ಕೊಟ್ಟ. ಸಂಜೆಯಾದರೆ ಅಣ್ಣ ತಂಗಿ ಅಲ್ಲಿ ಕೂತು ಆಕಾಶ ನೋಡುತ್ತಿದ್ದರು. ಒಮ್ಮೊಮ್ಮೆ ಮುಳ್ಳಿಲ್ಲದ ಕಡೆಯೂ ಸಿರಿಯವ್ವ ಎಡಗಾಲು ಎತ್ತಿ ನಿಲ್ಲುತ್ತಿದ್ದಳು. "ಎಲ್ಲೋ ದೂರದಲ್ಲಿ ಅದಕ್ಕೆ ನೋವಾಗಿದೆ," ಅನ್ನುತ್ತಿದ್ದಳು. ಆಗ ಜಕ್ಕಣ್ಣ ಬತ್ತಿಯನ್ನು ಸ್ವಲ್ಪ ಮುಂದಕ್ಕೆ ಎಳೆಯುತ್ತಿದ್ದ.

ಅದು ಬಂದರೆ ಅತಿಥಿಯಾಗಿ ಬರಲಿ ಸ್ವಾಮಿ. ಕಿವಿಗೊಟ್ಟು ಕೇಳಿದ ನಿಮ್ಮೆಲ್ಲರ ಹೊಸ್ತಿಲಲ್ಲೂ ದಾರಿ ನೋಡುವ ಒಂದು ಜೀವವಿರಲಿ. ಹೊರಟ ನಿಮ್ಮವರೆಲ್ಲ ಬೆಳಕಿರುವಾಗಲೇ ಮನೆ ಸೇರಲಿ.