ಟೆಂಟಿನ ನಾಲ್ಕನೆಯ ಗೂಟ

ಹೊಳೆದಂಡೆಯಲ್ಲಿ ಟೆಂಟ್ ಹಾಕಿದ ಭರಮಣ್ಣ, ಲೋಹ ಪತ್ತೆಹಚ್ಚುವ ತನ್ನ ಯಂತ್ರ ಸುಮ್ಮಸುಮ್ಮನೆ ಕೂಗದಿರಲೆಂದು ಬೆರಳಿನ ಚಿನ್ನದುಂಗುರ ತೆಗೆದು ಟೆಂಟಿನೊಳಗೆ ನೇತುಹಾಕಿ, ಚಿನ್ನ ಹುಡುಕಲು ಹೊರಟ. ಆ ಯಂತ್ರ ಟೆಂಟಿನ ಪಕ್ಕದಲ್ಲೇ ಮೂರು ಸಲ ಕೂಗಿತು. ಭರಮಣ್ಣ ಮೂರು ಸಲ ಅಗೆದು, ಮಣ್ಣು ಮೆತ್ತಿದ್ದನ್ನೆಲ್ಲ ಆಮೇಲೆ ತೊಳೆದು ನೋಡಿದರಾಯಿತೆಂದು ಚೀಲಕ್ಕೆ ಹಾಕಿಕೊಂಡ.

ಯಂತ್ರ ತನ್ನ ಬಳಿಗೆ ಬಂದಾಗ ನಾಲ್ಕನೆಯ ಕಬ್ಬಿಣದ ಗೂಟ ಅಂಗಲಾಚಿತು: "ಯಂತ್ರರಾಯರೇ, ಅವು ಮೂರೂ ಟೆಂಟಿನ ಗೂಟಗಳು. ಈಗ ಟೆಂಟನ್ನು ಹಿಡಿದಿರುವವನು ನಾನೊಬ್ಬನೇ!"

"ಕೂಗುವುದು ನನ್ನ ಕೆಲಸ. ವಿಚಾರಿಸುವುದಲ್ಲ," ಎಂದು ಯಂತ್ರ ಇನ್ನೂ ಜೋರಾಗಿ ಕೂಗಿತು.

ಗೂಟ ಚೀಲ ಸೇರಿತು. ಬೀಸಿದ ಗಾಳಿಗೆ ಟೆಂಟು ಉಂಗುರದ ಸಮೇತ ಹಾರಿ ಹೊಳೆಯ ಪಾಲಾಯಿತು.

ಚೀಲದೊಳಗಿನ ಗೂಟಕ್ಕೆ ಯಂತ್ರ ಭರಮಣ್ಣನಿಗೆ ಗಂಭೀರವಾಗಿ ಹೇಳಿದ್ದು ಕೇಳಿಸಿತು: "ಸ್ವಾಮಿ, ಈಗ ಖಚಿತವಾಯಿತು. ಇಲ್ಲಿ ಚಿನ್ನವಿಲ್ಲ."