ಮುಂಚಕ್ರದ ಕಲ್ಲು

ಇಳಿಜಾರಿನಲ್ಲಿ ಬಂದ ಲಾರಿ ಇಸ್ತ್ರಿ ಬೈಯಣ್ಣನ ತಳ್ಳುಗಾಡಿಗೆ ಗುದ್ದಿ ಅವನ ಕಾಲು ಮುರಿಯಿತು. ಪರಿಹಾರ ಕೇಳಿ ಅವನು ಕೋರ್ಟಿಗೆ ಹೋದ. ಲಾರಿ ಮಾಲೀಕ ರುದ್ರಮುನಿಯಪ್ಪನವರಿಗೆ ಸಿಟ್ಟು ನೆತ್ತಿಗೇರಿತು. ಅದೇ ಲಾರಿ ಹತ್ತಿ ಬಂದು, ಬೈಯಣ್ಣನ ಮನೆ ಮುಂದಿನ ಇಳಿಜಾರಿನಲ್ಲೇ ನಿಲ್ಲಿಸಿದರು. ಕ್ಲೀನರ್ ಎಂದಿನಂತೆ ಕೆಳಗೆ ಹಾರಿ ಮುಂಚಕ್ರಕ್ಕೆ ದಪ್ಪ ಕಲ್ಲೊಂದನ್ನು ಅಡ್ಡ ಇಟ್ಟ.

ಮಾಲೀಕರು ಲಾರಿಯ ಮುಂದೆಯೇ ಸೊಂಟಕ್ಕೆ ಕೈಯಿಟ್ಟು ನಿಂತು, ಹೊರಗೆ ಬಂದ ಬೈಯಣ್ಣನ ಮೇಲೆ ಗುಡುಗಿದರು. “ನನ್ನ ಗಾಡಿ ಬ್ರೇಕು ಪಸಂದಾಗಿದೆ. ಅಡ್ಡ ಬಂದವನು ನೀನು. ತಪ್ಪು ನಿಂದೇ ಅಂತ ಬರೆದುಕೊಟ್ಟು ಕೇಸು ವಾಪಸ್ ತಗೋ!”

ಬೈಯಣ್ಣನ ವಕೀಲೆ ನಾಗವೇಣಿ ಒಳಗಿನಿಂದ ಎದ್ದು ಬಾಗಿಲಿಗೆ ಬಂದರು. ಬೀದಿಯ ಜನವೆಲ್ಲ ಸೇರಿತು.

“ಆಗಲಿ ಸ್ವಾಮಿ, ಬರೆದುಕೊಡ್ತೀನಿ,” ಎಂದು ಬೈಯಣ್ಣ ಊರುಗೋಲು ಊರಿಕೊಂಡು ಲಾರಿಯ ಪಕ್ಕಕ್ಕೆ ಬಂದ. “ನಿಂತು ನಿಂತು ಕಾಲು ನೋಯ್ತಿದೆ. ಕೂತ್ಕೊಳ್ಳೋಕೆ ಈ ಕಲ್ಲು ಎಳ್ಕೊಳ್ತೀನಿ.” ಬಗ್ಗಿ ಚಕ್ರದ ಕಲ್ಲಿಗೆ ಕೈ ಹಾಕಿದ.

ಮಾಲೀಕರು ಪಂಚೆ ಎತ್ತಿಕೊಂಡು ಒಂದೇ ನೆಗೆತಕ್ಕೆ ಚರಂಡಿ ದಾಟಿದರು.

“ಅಯ್ಯೋ, ಮುಟ್ಟಬೇಡವೋ! ಕಲ್ಲು ತೆಗೆದರೆ ಗಾಡಿ ನಿಲ್ಲಲ್ಲ!”

ಬೀದಿಯೆಲ್ಲ ಗೊಳ್ಳೆಂದಿತು. “ಈ ಮಾತನ್ನೇ ನ್ಯಾಯಾಧೀಶರ ಮುಂದೂ ಹೇಳಿಬಿಡಿ,” ಎಂದರು ನಾಗವೇಣಿ.

ಬೈಯಣ್ಣ ಕಲ್ಲು ಬಿಟ್ಟು ಮೆಲ್ಲಗೆ ನೆಟ್ಟಗಾದ.

“ಹಂಗಾದ್ರೆ ಸ್ವಾಮಿ, ಆವತ್ತು ಕಲ್ಲಿನ ಕೆಲಸ ಮಾಡಿದ್ದು ನನ್ನ ಕಾಲು.”